ಹಸಿದಪ್ಪನ ಕೈ

ರವಿವಾರ ನಾನು ಒಲೆ ಹಚ್ಚುವುದಿಲ್ಲ. ಹಿಂದಿನ ದಿನವೇ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಟ್ಟು, ನೀರಿನ ಬಾಟಲಿ ತುಂಬಿ, ಕೊಡೆಯನ್ನು ಬಾಗಿಲ ಚಿಲಕಕ್ಕೆ ತೂಗುಹಾಕಿರುತ್ತೇನೆ. ಬೆಳಿಗ್ಗೆ ಎದ್ದು ಸ್ನಾನ, ಬೀಗ, ಬಸ್ ಸ್ಟ್ಯಾಂಡು, ಚಹಾ ಅಲ್ಲಿಯೇ. ನಿವೃತ್ತಿಯಾದ ಮೇಲೆ ರವಿವಾರಕ್ಕೂ ಸೋಮವಾರಕ್ಕೂ ವ್ಯತ್ಯಾಸ ಉಳಿಯುವುದಿಲ್ಲ ಎಂದು ಹಲವರು ನನ್ನನ್ನು ಹೆದರಿಸಿದ್ದರು. ಉಳಿಸಿಕೊಂಡರೆ ಉಳಿಯುತ್ತದೆ.

ನಾನು ಬೆಳೆದದ್ದು ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ. ತಂದೆತಾಯಿಯ ಮುಖ ನನಗೆ ನೆನಪಿಲ್ಲ. ಅಲ್ಲಿ ಏಳುವುದಕ್ಕೆ ಒಂದು ಗಂಟೆ, ಉಣ್ಣುವುದಕ್ಕೆ ಒಂದು ಗಂಟೆ, ಅಳುವುದನ್ನು ನಿಲ್ಲಿಸುವುದಕ್ಕೂ ಒಂದು ಗಂಟೆ ಇತ್ತು. ಮುಂದೆ ರಾಣೆಬೆನ್ನೂರಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದೆ, ಕೊನೆಗೆ ಅಲ್ಲಿಯೇ ಮುಖ್ಯೋಪಾಧ್ಯಾಯಿನಿಯಾದೆ. ಗಂಟೆ ಬಾರಿಸುವ ಅಧಿಕಾರ ಕೈಗೆ ಬಂದಾಗ ನನಗೆ ಆದ ಸಂತೋಷವನ್ನು ಬಚ್ಚಿಡುವುದಿಲ್ಲ.

ಅದೇ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದವಳು ನನ್ನ ಗೆಳತಿ. ಅವಳ ಮನೆ ಬ್ಯಾಡಗಿಯಲ್ಲಿ. ಗಂಡನದು ಮೆಣಸಿನಕಾಯಿ ವ್ಯಾಪಾರ. ಹಂಗಾಮಿನಲ್ಲಿ ಅವಳು ಸ್ಟಾಫ್ ರೂಮಿಗೆ ಕಾಲಿಟ್ಟರೆ ಸಾಕು, ಸೀರೆಯಿಂದ ಎದ್ದ ಘಾಟಿಗೆ ಇಬ್ಬರಾದರೂ ಸೀನುತ್ತಿದ್ದರು. ನಾನೊಮ್ಮೆ ಮೂಗು ಮುಚ್ಚಿಕೊಂಡಾಗ ಅವಳು ಎಲ್ಲರ ಎದುರೇ ಅಂದಳು: "ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಐತಿ, ಖಾರ ಇಲ್ಲ. ನಿನಗ ಖಾರ ಐತಿ, ಬಣ್ಣ ಇಲ್ಲ." ಮುಖ್ಯೋಪಾಧ್ಯಾಯಿನಿಗೆ ಹಾಗೆ ಅನ್ನುವ ಧೈರ್ಯ ಆ ಶಾಲೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಅಂದಿನಿಂದ ಗೆಳೆತನ.

ಇಬ್ಬರೂ ಒಂದೇ ವರ್ಷ ನಿವೃತ್ತರಾದೆವು. ಹಾವೇರಿ ಪ್ರತ್ಯೇಕ ಜಿಲ್ಲೆಯಾಗಿ ಕೆಲವು ವರ್ಷ ಕಳೆದಿದ್ದ ಕಾಲ ಅದು. ಪ್ರತಿ ರವಿವಾರ ಅವಳು ಬ್ಯಾಡಗಿಯಿಂದ ಮೊದಲ ಬಸ್ಸಿಗೆ ಬರುತ್ತಿದ್ದಳು. ರಾಣೆಬೆನ್ನೂರು ಸ್ಟ್ಯಾಂಡಿನ ಮೂಲೆಯ ಕಂಬದ ಬಳಿ ಕೂಡಿ, ಅಲ್ಲಿಂದ ಯಾವುದಾದರೂ ಹಳ್ಳಿಯ ಹಳೆಯ ಗುಡಿಗೆ ಹೋಗುತ್ತಿದ್ದೆವು. ದೇವರಿಗಾಗಿ ಅಲ್ಲ. ನಮಗೆ ಬೇಕಾಗಿದ್ದದ್ದು ದೇವರ ಸುತ್ತ ಇರುವ ಪ್ರಾಣಿಗಳು. ಆನೆಯ ಸೊಂಡಿಲಿಗೆ ಮೊಸಳೆಯ ಬಾಯಿ, ಅದಕ್ಕೆ ನವಿಲಿನ ಬಾಲ ಸೇರಿಸಿದ ಮಕರ. ಸಿಂಹದ ಮೈ ಹೊತ್ತು ಸೊಂಡಿಲು ಬೀಸುವ ಮೃಗ. ಬಾಗಿಲ ನೆತ್ತಿಯ ಮೇಲೆ ಕಣ್ಣು ಕಿಸಿದುಕೊಂಡು ಕೂತ ಕೀರ್ತಿಮುಖ. ಎಂಟುನೂರು, ಒಂಬೈನೂರು ವರ್ಷಗಳ ಹಿಂದಿನ ಕಲ್ಲುಕುಟಿಗನ ತಲೆಯಲ್ಲಿ ಇಂಥವು ಯಾಕೆ ಹುಟ್ಟಿದವು ಎಂಬುದು ನನ್ನ ಪ್ರಶ್ನೆ. ಅವನ ಕೈ ಹೇಗೆ ತಿರುಗಿತು ಎಂಬುದು ಅವಳ ಪ್ರಶ್ನೆ.

ನಮ್ಮ ಕೆಲಸಕ್ಕೆ ಒಂದು ಪದ್ಧತಿ ಇತ್ತು. ಅದನ್ನು ಕಟ್ಟಿದವಳು ನಾನು. ಒಬ್ಬಳು ಶಿಲ್ಪದ ಎದುರು ನಿಂತು ಕಂಡದ್ದನ್ನು ಬಾಯಲ್ಲಿ ಹೇಳಬೇಕು. ಇನ್ನೊಬ್ಬಳು ಶಿಲ್ಪಕ್ಕೆ ಬೆನ್ನು ಮಾಡಿ ಕೂತು, ಕೇಳಿದ್ದನ್ನಷ್ಟೇ ಚಿತ್ರವಾಗಿ ಬರೆಯಬೇಕು. ಮುಗಿದ ಮೇಲೆ ಬರೆದವಳು ತಿರುಗಿ ನೋಡಬೇಕು. ಚಿತ್ರಕ್ಕೂ ಕಲ್ಲಿಗೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಹೇಳಿದವಳು ನೋಡದೆ ಹೇಳಿದ್ದಾಳೆ ಎಂದು ಅರ್ಥ. ಸಿಂಹ ಎಂದು ಗೊತ್ತಾದ ಕೂಡಲೇ ಕಣ್ಣು ನೋಡುವುದನ್ನು ಬಿಡುತ್ತದೆ, ಬಾಯಿ ಪುಸ್ತಕದ ಸಿಂಹವನ್ನು ಹೇಳತೊಡಗುತ್ತದೆ. ಅದನ್ನು ಹಿಡಿಯುವುದಕ್ಕೆ ಈ ಉಪಾಯ. ಕ್ಯಾಮೆರಾ ಒಯ್ಯುವಂತಿರಲಿಲ್ಲ. ಫೋಟೋ ತೆಗೆದವರು ಆಮೇಲೆ ನೋಡೋಣ ಎಂದು ಚೀಲಕ್ಕೆ ಹಾಕಿಕೊಳ್ಳುತ್ತಾರೆ, ನೋಡುವುದಿಲ್ಲ. ಇದೂ ನನ್ನದೇ ನಿಯಮ. ಬರೆದ ಚಿತ್ರ ಬರೆದವಳ ಹತ್ತಿರ ಇರಬೇಕು. ಇದು ಅವಳ ನಿಯಮ.

"ಪೊಲೀಸರು ಕಳ್ಳನ ಚಿತ್ರಾ ಬರಸ್ತಾರಲ್ಲ, ಹಂಗ ಐತಿ ನಿನ್ನ ಶಾಸ್ತ್ರ" ಎಂದು ಅವಳು ನಗುತ್ತಿದ್ದಳು. ಆದರೆ ಬೆನ್ನು ತಿರುಗಿಸಿ ಕೂತಳೆಂದರೆ ಒಮ್ಮೆಯೂ ಕಳ್ಳನೋಟ ಹಾಕಿದವಳಲ್ಲ.

ಕುಪ್ಪೇಲೂರಿನಿಂದ ಮುಂದೆ ಒಳದಾರಿಯಲ್ಲಿ ಒಂದು ಊರಿದೆ. ಅದರ ಹೆಸರು ಬರೆಯುವುದಿಲ್ಲ. ಅದು ಅವಳ ತವರು. ತವರಿನವರು ಮಗಳನ್ನು ಕರೆಯುವ ನಾಗರ ಪಂಚಮಿಗೆ ನಾನೂ ಅವಳ ಜೊತೆ ಅಲ್ಲಿಗೆ ಹೋಗುತ್ತಿದ್ದೆ. ಅವಳ ತಾಯಿ ಇರುವವರೆಗೂ ಎಳ್ಳುಂಡಿ, ಶೇಂಗಾ ಉಂಡಿ ಎರಡು ಡಬ್ಬಿಯಲ್ಲಿ ತುಂಬಿ, ಒಂದನ್ನು ಮಗಳ ಕೈಗೂ ಇನ್ನೊಂದನ್ನು ನನ್ನ ಕೈಗೂ ಕೊಡುತ್ತಿದ್ದರು. ತಾಯಿ ಹೋದ ಮೇಲೆ ಅಣ್ಣ ಆ ಪದ್ಧತಿ ಬಿಡಲಿಲ್ಲ. ಊರ ನಡುವಿನ ಗುಡಿಗೆ ಹೊರಗೆ ನೋಡುವಂಥದ್ದೇನೂ ಇಲ್ಲ, ಸುಣ್ಣ ಬಳಿದ ಗೋಡೆ. ಒಳಗೆ ಗರ್ಭಗುಡಿಯ ಬಾಗಿಲ ಮೇಲಿನ ಅಡ್ಡಗಲ್ಲಿನಲ್ಲಿ ಮಾತ್ರ ಒಂದು ಮುಖ ಇತ್ತು. ಅದಕ್ಕೆ ಊರ ಹೆಂಗಸರು ಹಸಿದಪ್ಪ ಎನ್ನುತ್ತಿದ್ದರು. ಊಟ ಮಾಡದ ಮಕ್ಕಳನ್ನು ಎತ್ತಿ ಹಿಡಿದು ಅವರ ಕೈಯಿಂದಲೇ ಅದರ ಬಾಯಿಗೆ ಬೆಣ್ಣೆ ಹಚ್ಚಿಸಿದರೆ ಮಗುವಿಗೆ ಹಸಿವು ಹುಟ್ಟುತ್ತದೆ ಎಂಬುದು ಅಲ್ಲಿಯ ನಂಬಿಕೆ. ನನ್ನ ಗೆಳತಿಯೂ ಸಣ್ಣವಳಿದ್ದಾಗ ಹಾಗೆ ಬೆಣ್ಣೆ ಹಚ್ಚಿದವಳೇ. "ನಾಲಿಗಿ ಹೊರಗ ಚಾಚಿದ್ದ, ಅದರ ಮ್ಯಾಲ ಹಚ್ತಿದ್ವಿ" ಎಂದು ಹೇಳಿದ್ದಳು.

ಒಂದು ಚಳಿಗಾಲದ ರವಿವಾರ ಅಲ್ಲಿ ಕೂತೆವು. ಅಂದು ಹೇಳುವ ಸರದಿ ನನ್ನದು. ಅರ್ಚಕರಿಂದ ಎಣ್ಣೆದೀಪ ಇಸಕೊಂಡು, ಸ್ಟೂಲು ಹತ್ತಿ, ತಲೆಮಾರುಗಳ ಬೆಣ್ಣೆಯ ಜಿಡ್ಡನ್ನು ಒರೆಸಿ ಹೇಳುತ್ತಾ ಹೋದೆ. ಅವಳು ಕಂಬಕ್ಕೆ ಒರಗಿ, ಹೊರಬಾಗಿಲ ಕಡೆ ಮುಖ ಮಾಡಿ ಬರೆಯುತ್ತಿದ್ದಳು. ಹಣೆಯ ಮೇಲೆ ಕೂದಲೆಳೆಯಂಥ ಬಿರುಕು. ಕಣ್ಣು ದುಂಡಗೆ. ಹುಬ್ಬು ಕೊಂಬಿನ ಹಾಗೆ ಸುತ್ತಿವೆ. ಮೇಲಿನ ಹಲ್ಲು ಕಾಣುತ್ತವೆ. ಬಾಯಿಯಿಂದ ಅಗಲವಾದದ್ದೊಂದು ಕೆಳಗೆ ಇಳಿದಿದೆ, ಬುಡದಲ್ಲಿ ದಪ್ಪ. ತುದಿ ಒಳಗೆ, ಹಲ್ಲಿನ ಹಿಂದೆ ಇದೆ. ತುದಿಯಲ್ಲಿ ಸೀಳುಗಳಿವೆ. ಸೀಳಿದ ಒಂದೊಂದು ತುಂಡಿನ ಕೊನೆಗೆ ಉಗುರು.

ಪೆನ್ಸಿಲ್ಲಿನ ಸದ್ದು ನಿಂತಿತು.

"ನಾಲಿಗಿಗೆ ಉಗುರೆಲ್ಲಿ ಬರ್ತಾವ, ಖೋಡಿ?"

"ನಾ ನಾಲಿಗಿ ಅಂದಿಲ್ಲ. ಕಂಡದ್ದು ಹೇಳಾಕತ್ತೀನಿ, ನೀ ಬರಿ."

ಅವಳು ಬರೆದು ಮುಗಿಸಿದಳು. ಆಮೇಲೆ ತಿರುಗಿದಳು. ನನ್ನನ್ನು ಸ್ಟೂಲಿನಿಂದ ಇಳಿಸಿ, ಸೀರೆ ಸೊಂಟಕ್ಕೆ ಸಿಕ್ಕಿಸಿ ತಾನು ಹತ್ತಿದಳು. ದೀಪ ನಾನು ಹಿಡಿದೆ. ಅವಳು ಆ ಬಾಯೊಳಗೆ ಬೆರಳು ಇಟ್ಟು ಒಂದೊಂದಾಗಿ ಮುಟ್ಟಿದಳು.

"ಯವ್ವಾ, ಐದೂ ಅದಾವ! ಕೈ ಐತಿ. ತನ್ನ ಕೈ ತಾನ ತಿನ್ನಾಕತ್ಯಾನ. ನಾ ಇಷ್ಟ ದಿನ ನಾಲಿಗಿಗೆ ಅಂತ ಕೈಗೆ ಬೆಣ್ಣಿ ಹಚ್ಚೀನಲ್ಲ!"

ಇಬ್ಬರೂ ಹುಡುಗಿಯರ ಹಾಗೆ ನಕ್ಕೆವು. ಅರ್ಚಕರು ಬಂದು ನೋಡಿ ಹೋದರು.

ಇದರಲ್ಲೇನು ವಿಶೇಷ ಎಂದು ಕೇಳುವವರಿಗೆ ಹೇಳುತ್ತೇನೆ. ಪುರಾಣದ ಕತೆ ಎಲ್ಲರಿಗೂ ಗೊತ್ತಿದೆ. ಶಿವನ ಸಿಟ್ಟಿನಿಂದ ಹುಟ್ಟಿದ ಮೃಗ ತಿನ್ನಲು ಏನೂ ಸಿಗದೆ, ಅವನ ಅಪ್ಪಣೆಯಂತೆ ತನ್ನ ಮೈಯನ್ನೇ ತಿಂದುಕೊಂಡಿತು. ಕೊನೆಗೆ ಉಳಿದದ್ದು ಮುಖ. ಮೆಚ್ಚಿದ ಶಿವ ಅದನ್ನು ಬಾಗಿಲ ಮೇಲೆ ಇಟ್ಟ. ಅದಕ್ಕೇ ಕೀರ್ತಿಮುಖಕ್ಕೆ ಮೈ ಇರುವುದಿಲ್ಲ. ನಾವು ನಮ್ಮ ಸೀಮೆಯಲ್ಲಿ ನೋಡಿದವೆಲ್ಲ ಊಟ ಮುಗಿದ ಮೇಲಿನ ಮುಖಗಳು. ಇದೊಂದು ಇನ್ನೂ ತಿನ್ನುತ್ತಿತ್ತು. ಆ ಕಲ್ಲುಕುಟಿಗ ಕತೆಯ ಕೊನೆಯನ್ನು ಕೆತ್ತದೆ ನಡುವನ್ನು ಕೆತ್ತಿದ್ದ.

ಮುಂದಿನ ವರ್ಷ ಫೆಬ್ರವರಿಗೆ ಹಾವೇರಿಯ ಒಂದು ಕಾಲೇಜಿನವರು ಎರಡು ದಿನದ ವಿಚಾರ ಸಂಕಿರಣ ಇಟ್ಟುಕೊಂಡರು. ಮಧ್ಯಕಾಲದ ಶಿಲ್ಪ ಮತ್ತು ಕಾವ್ಯದಲ್ಲಿ ವಿಕಾರ ಜೀವಿಗಳು ಎಂಬುದು ವಿಷಯ. ಅಲ್ಲಿ ಅಧ್ಯಾಪಕಿಯಾಗಿದ್ದ ನನ್ನ ಹಳೆಯ ವಿದ್ಯಾರ್ಥಿನಿ ಫೋನ್ ಮಾಡಿ, "ಟೀಚರ್, ನೀವು ಹೇಳೋ ಆ ಕೈ ತಿನ್ನೋ ಮೃಗದ ಮ್ಯಾಲ ಒಂದು ಪ್ರಬಂಧ ಓದ್ರಿ" ಎಂದಳು. ಹೈಸ್ಕೂಲಿನವರನ್ನು ಇಂಥ ಕಡೆ ಕೇಳಲು ಕರೆಯುತ್ತಾರೆ, ಓದಲು ಕರೆಯುವುದಿಲ್ಲ. ಓದಿದ ಪ್ರಬಂಧಗಳು ಪುಸ್ತಕವಾಗಿ ಬರುತ್ತವೆ ಎಂದೂ ಹೇಳಿದಳು. ಅಚ್ಚಾದರೆ ನಾಳೆ ಯಾರಾದರೂ ಆ ಗುಡಿಯನ್ನು ಹುಡುಕಿಕೊಂಡು ಹೋಗುತ್ತಾರೆ, ಹಸಿದಪ್ಪನಿಗೆ ಒಂದು ದಾಖಲೆ ಆಗುತ್ತದೆ. ನನಗೆ ಬೇಕಾಗಿದ್ದದ್ದು ಅಷ್ಟೇ. ಇಷ್ಟು ವರ್ಷ ಬೇರೆಯವರು ಬರೆದದ್ದನ್ನು ಕಲಿಸಿದ್ದೆ. ಇದೊಂದು ನಾನು ನೋಡಿದ್ದಾಗಿತ್ತು.

ಇಬ್ಬರ ಹೆಸರೂ ಇರಲಿ ಎಂದೆ. ಗೆಳತಿ ಒಪ್ಪಲಿಲ್ಲ. "ನೀ ಓದು. ನನಗ ಮೈಕ್ ಕಂಡ್ರ ಕೈಕಾಲು ತಣ್ಣಗಾಗ್ತಾವ" ಎಂದಳು. ಅವಳ ಚಿತ್ರವನ್ನು ಎರವಲು ತಂದು, ಪ್ರೊಜೆಕ್ಟರಿನಲ್ಲಿ ತೋರಿಸಲು ಪಾರದರ್ಶಕ ಹಾಳೆಯ ಮೇಲೆ ಕರಿ ಶಾಯಿಯಿಂದ ನಕಲು ತೆಗೆದುಕೊಂಡೆ. ಮೂಲ ಚಿತ್ರವನ್ನು ನಿಯಮದಂತೆ ಮರಳಿಸಿದೆ. ನಂತರ ಮೂರ್ನಾಲ್ಕು ರವಿವಾರ ನಾವು ಎಲ್ಲಿಯೂ ಹೋಗಲಿಲ್ಲ. ನನ್ನ ಮನೆಯ ಪಡಸಾಲೆಯಲ್ಲಿ ನಾನು ನಿಂತು ಓದುತ್ತಿದ್ದೆ, ಅವಳು ಗಡಿಯಾರ ಹಿಡಿದು ಕೂರುತ್ತಿದ್ದಳು. "ಇಲ್ಲಿ ಲಗೂ ಓದಿದಿ." "ಈ ಮಾತು ಬ್ಯಾಡ, ಭಾಳ ಪಂಡಿತರಂಗ ಆತು." ಹೀಗೆ ತಿದ್ದಿದಳು. ಒಮ್ಮೆ ಆ ಊರಿಗೆ ಹೋಗಿ ಇನ್ನೊಂದು ಸಲ ನೋಡಿ ಬರೋಣ ಎಂದಾಗ, "ಯಾಕ, ನೋಡಿದ್ದು ಸಾಲಲಿಲ್ಲೇನು? ಅಣ್ಣ ಊರಾಗಿಲ್ಲ" ಎಂದಳು. ನಾನು ಬಿಟ್ಟೆ.

ಸಂಕಿರಣದ ದಿನ ಉದ್ಘಾಟನೆಯೇ ಊಟದ ಹೊತ್ತನ್ನು ತಿಂದುಹಾಕಿತು. ದೀಪ, ಹಾರ, ಪ್ರಾರ್ಥನೆ, ಬಾರದ ಮುಖ್ಯ ಅತಿಥಿಗಾಗಿ ಕಾಯುವುದು. ಗಂಟೆಯ ಮೇಲೆ ನಡೆದುಕೊಂಡು ಬಂದವಳಿಗೆ ಅಂಥ ಸಭೆಗಳಲ್ಲಿ ಕುರ್ಚಿ ಚುಚ್ಚುತ್ತದೆ. ಆದರೂ ಪ್ರಬಂಧಗಳು ಚೆನ್ನಾಗಿದ್ದವು. ದೂರದಿಂದ ಬಂದ ಒಬ್ಬರು ಯುರೋಪಿನ ಹಳೆಯ ನಕಾಶೆಗಳನ್ನು ತೋರಿಸಿದರು. ಗೊತ್ತಿರುವ ದೇಶ ಮುಗಿದಲ್ಲಿ ನಾಯಿತಲೆಯ ಮನುಷ್ಯರು, ಎದೆಯಲ್ಲಿ ಕಣ್ಣಿರುವವರು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅವು ಏನು ತಿಂತಿದ್ವು ಸರ್?" ಎಂದಳು. ಎಲ್ಲರೂ ನಕ್ಕರು. ನನಗೆ ಅದು ಆ ದಿನದ ಒಳ್ಳೆಯ ಪ್ರಶ್ನೆ ಎನಿಸಿತು. ನನ್ನ ಪ್ರಬಂಧ ಅದರ ಬಗ್ಗೆಯೇ ಇತ್ತು.

ನನ್ನ ಸರದಿ ಬಂದಾಗ ಅರ್ಧದಷ್ಟು ಸಮಯ ಕಡಿತವಾಗಿತ್ತು. ಗೋಷ್ಠಿಯ ಅಧ್ಯಕ್ಷರು ಹೊರಗಿನ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು. ಪ್ರೊಜೆಕ್ಟರಿನವನು ಹಾಳೆಯನ್ನು ಮೊದಲು ತಲೆಕೆಳಗೆ ಇಟ್ಟ, ಆಮೇಲೆ ಮಗುಚಿ ಇಟ್ಟ, ಕೊನೆಗೆ ಹೇಗೋ ಸರಿಮಾಡಿದ. ಬಿಳಿಯ ಪರದೆಯ ಮೇಲೆ ಹಸಿದಪ್ಪ ಆಳೆತ್ತರ ನಿಂತ. ನಾನು ಗಡಬಡಿಸದೆ ಓದಿದೆ.

ಅಧ್ಯಕ್ಷರು ಕನ್ನಡಕ ತೆಗೆದು ಪರದೆಯನ್ನೇ ನೋಡಿದರು. "ಅಮ್ಮಾ, ಇದು ನಿಜವಾದರೆ ಬಹಳ ದೊಡ್ಡ ವಿಷಯ. ನಾನು ಕರ್ನಾಟಕದಲ್ಲಿ ಇಂಥದ್ದನ್ನು ಕಂಡಿಲ್ಲ. ಬಲಗೈಯೋ ಎಡಗೈಯೋ?"

"ಬಲಗೈ."

"ಫೋಟೋ?"

"ಇಲ್ಲ." ಪದ್ಧತಿಯನ್ನು ವಿವರಿಸತೊಡಗಿದೆ. ಬೆನ್ನು ಮಾಡಿ ಬರೆಯುವಲ್ಲಿಗೆ ಬಂದಾಗಲೇ ಅವರು ತಡೆದರು.

"ಹಾಗಾದರೆ ಇದನ್ನು ನೀವೊಬ್ಬರೇ ನೋಡಿದ್ದೀರಿ. ಚಿತ್ರ ಬರೆದವರು ಯಾರು?"

ನಾನು ಮೂರನೆಯ ಸಾಲಿನ ಕಡೆ ಕೈ ತೋರಿಸಿದೆ. ಹೆಮ್ಮೆಯಿಂದಲೇ ತೋರಿಸಿದೆ. ನನ್ನ ಗೆಳತಿ ಎದ್ದು ನಿಂತಳು. ಯಾರೋ ಮೈಕ್ ಕೊಟ್ಟರು. ಅವಳ ಕೈ ನಡುಗಲಿಲ್ಲ.

"ಚಿತ್ರಾ ನಾನ ಬರದದ್ರಿ. ಆದ್ರ ನಾ ಬೆನ್ನ ತಿರುಗಿಸಿ ಕುಂತಿದ್ದೆ. ಅಕ್ಕೋರು ಹೆಂಗ ಹೇಳಿದ್ರು, ಹಂಗ ಬರದೇನಿ."

"ನೀವು ಕಣ್ಣಾರೆ ಕಂಡಿದ್ದೀರಾ?"

"ಬರಿಯುವಾಗ ನಾ ನೋಡಿಲ್ರಿ."

ಅಷ್ಟು ಹೇಳಿ ಕೂತಳು.

ಒಂದಕ್ಷರವೂ ಸುಳ್ಳಿರಲಿಲ್ಲ. ಬರೆಯುವಾಗ ಅವಳು ನೋಡಿರಲಿಲ್ಲ. ಬರೆದ ಮೇಲೆ ತಿರುಗಿದ್ದು, ಸ್ಟೂಲು ಹತ್ತಿದ್ದು, ಬೆರಳು ಇಟ್ಟು ಎಣಿಸಿದ್ದು ಅಧ್ಯಕ್ಷರ ಪ್ರಶ್ನೆಯಲ್ಲಿ ಇತ್ತು, ಅವಳ ಉತ್ತರದಲ್ಲಿ ಇರಲಿಲ್ಲ. ನಾನು ವೇದಿಕೆಯ ಮೇಲಿನಿಂದ, "ಆಮೇಲೆ ನೋಡಿದಿ, ಹೇಳು" ಎಂದೆ. ಮೈಕ್ ಆಗಲೇ ಮುಂದಿನವರ ಕೈಗೆ ಹೋಗಿತ್ತು. ಅವಳು ಮಡಿಲಲ್ಲಿದ್ದ ಚೀಲದ ಜಿಪ್ಪು ಎಳೆಯುತ್ತಾ ಕೂತಿದ್ದಳು.

"ಒಬ್ಬರು ಹೇಳಿದ್ದು, ಇನ್ನೊಬ್ಬರು ಕೇಳಿದ್ದು. ಇದು ಕಾವ್ಯವಾಗುತ್ತದೆ, ಪುರಾವೆ ಆಗುವುದಿಲ್ಲ" ಎಂದು ಅಧ್ಯಕ್ಷರು ಮೃದುವಾಗಿಯೇ ಅಂದರು. ಸಭೆ ನಕ್ಕಿತು. ಪುಸ್ತಕಕ್ಕೆ ಕೊಡುವಾಗ ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಡಿ ಎಂದರು. ಆ ಭಾಗವನ್ನು ಬಿಟ್ಟರೆ ಉಳಿಯುವುದು ಎಲ್ಲರಿಗೂ ಗೊತ್ತಿರುವ ಪುರಾಣ.

ಊಟಕ್ಕೆ ಅವಳು ನನ್ನ ಪಕ್ಕದಲ್ಲೇ ಬಂದು ಕೂತಳು. ತನ್ನ ಎಲೆಯ ಎಣ್ಣೆಗಾಯಿಯನ್ನು ನನ್ನ ಎಲೆಗೆ ದಾಟಿಸಿದಳು, ಯಾವಾಗಲೂ ಮಾಡುವ ಹಾಗೆ.

"ಸಿಟ್ಟಾಗಬ್ಯಾಡ. ಎದ್ದ ನಿಂತೆ ನೋಡು, ಬಾಯಿಗೆ ಅಷ್ಟ ಬಂತು."

ಮೈಕಿನ ಭಯ ಎಂದುಕೊಂಡೆ. ಅವಳ ಪರವಾಗಿ ಕಾರಣ ಹುಡುಕಿದವಳು ನಾನೇ. ಆ ರಾತ್ರಿ ವಿದ್ಯಾರ್ಥಿನಿಯ ಮನೆಯಲ್ಲಿ ಮಲಗಿದಾಗಲೂ, ನಾಳೆ ಅಧ್ಯಕ್ಷರ ಹತ್ತಿರ ಇವಳನ್ನು ಮೈಕಿಲ್ಲದೆ ಕರೆದುಕೊಂಡು ಹೋಗಿ ಮಾತಾಡಿಸಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಎರಡನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಬಸ್ಸಿನಲ್ಲಿ ಗಳಗನಾಥಕ್ಕೆ ಕರೆದೊಯ್ದರು. ಅಲ್ಲಿ ವರದೆ ಬಂದು ತುಂಗಭದ್ರೆಯನ್ನು ಸೇರುತ್ತದೆ, ದಂಡೆಯ ಮೇಲೆ ಹಳೆಯ ಗುಡಿ. ಪ್ರಾಧ್ಯಾಪಕರು ಗುಡಿಯ ತಳಪಾಯದ ಬಗ್ಗೆ ವಿವರಿಸುತ್ತಿದ್ದರು. ನಾವಿಬ್ಬರೂ ಸ್ವಲ್ಪ ಹಿಂದೆ, ನೀರಿನ ಕಡೆ ನಿಂತಿದ್ದೆವು. ತೆಪ್ಪವನ್ನು ಬೋರಲು ಹಾಕಿ ಡಾಂಬರು ಬಳಿಯುತ್ತಿದ್ದ ಅಂಬಿಗನೊಬ್ಬ ತಲೆ ಎತ್ತಿ ನನ್ನ ಗೆಳತಿಯನ್ನು ನೋಡಿ ನಕ್ಕ.

"ಏನ್ರೀ ಅಕ್ಕೋರ, ಮತ್ತ ಬಂದ್ರಿ? ಈ ಸಲ ಟ್ರ್ಯಾಕ್ಟರ್ ಬಿಟ್ಟು ಬಸ್ಸು ತಂದೀರಿ! ನಿಮ್ಮ ಅಣ್ಣಾರು ಅರಾಮ ಅದಾರಿಲ್ಲ?"

ಅವಳು ನೀರಿನ ಕಡೆ ತಿರುಗಿದಳು. ನಾನು ಕೇಳಿದೆ, "ಟ್ರ್ಯಾಕ್ಟರಿನ್ಯಾಗ ಏನು ತಂದಿದ್ರು?"

"ಗುಡಿ ಕಲ್ಲ ತಂದಿದ್ರಲ್ರಿ. ಭಿನ್ನ ಆಗಿತ್ತಂತ, ನೀರಿಗೆ ಬಿಡಾಕ. ಆ ಮಡುವಿನ್ಯಾಗ ಬಿಡ್ರಿ, ಬ್ಯಾಸಿಗ್ಯಾಗೂ ಬತ್ತಂಗಿಲ್ಲ ಅಂತ ನಾನ ತೋರ್ಸಿದ್ದೆ. ಅದರ ಮ್ಯಾಲೊಂದು ಮುಖ ಇತ್ತು ನೋಡ್ರಿ, ಬಾಯಾಗ ಕೈ ತುರಕ್ಕೊಂಡಿತ್ತು. ನಮ್ಮ ಹುಡುಗ್ರು, ಏ ಇದಕ್ಕ ಹಲ್ಲು ಬ್ಯಾನಿ ಐತಿ ಅಂತ ನಕ್ಕಿದ್ದ ನಕ್ಕಿದ್ದು."

ಭಿನ್ನವಾದ ಮೂರ್ತಿಯನ್ನು, ಬಿರುಕು ಬಿಟ್ಟ ಗುಡಿಗಲ್ಲನ್ನು ಇಟ್ಟುಕೊಳ್ಳುವಂತಿಲ್ಲ, ಹರಿಯುವ ನೀರಿಗೆ ಬಿಡಬೇಕು ಎಂಬುದು ನಮ್ಮ ಕಡೆಯ ರೂಢಿ. ನನಗೂ ಗೊತ್ತಿದ್ದದ್ದೇ. ಹಸಿದಪ್ಪನ ಹಣೆಯ ಮೇಲೆ ಕೂದಲೆಳೆಯಂಥ ಬಿರುಕು ಇದ್ದದ್ದನ್ನು ನಾನೇ ಹೇಳಿದ್ದೆ, ಅವಳೇ ಬರೆದಿದ್ದಳು.

ಅಂಬಿಗ ಡಾಂಬರಿನ ಡಬ್ಬಿ ತರಲು ಅತ್ತ ಹೋದ. ನಾವು ಮೆಟ್ಟಿಲ ಮೇಲೆ ಕೂತೆವು.

"ಯಾವಾಗ?" ಎಂದೆ.

"ಸಂಕ್ರಾಂತಿ ಮುಂದ. ಅಣ್ಣ ಬಾಗಲ ಹೊಸಾದು ಮಾಡಿಸಿದ. ಗುಡಿ ಕಮಿಟಿಗೆ ಹಿರಿಯ ಅವನ."

"ಅಂದ್ರ ನಾ ನಿನ್ನ ಮುಂದ ನಿಂತು ಓದುವಾಗ ಅದು ಇಲ್ಲಿ ನೀರಾಗಿತ್ತು."

"ಹೂಂ."

"ನೀ ಗಡಿಯಾರ ಹಿಡಕೊಂಡು ಕುಂತಿದ್ದಿ."

"ಹೇಳಬೇಕಂತ ಬರ್ತಿದ್ದೆ. ನೀ ಬಾಗಲ ತಗದ ಕೂಡ್ಲೆ ಓದಾಕ ಸುರು ಮಾಡ್ತಿದ್ದಿ."

"ನಿನ್ನೆ ಯಾಕ ಹಂಗ ಹೇಳಿದಿ?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನೋಡೇನಿ ಅಂದ್ರ ಈಗ ಎಲ್ಲೈತಿ ಅಂತ ಕೇಳ್ತಾರ. ನೀರಾಗ ಐತಿ ಅಂದ್ರ ಯಾರು ಹಾಕಿದ್ರು ಅಂತಾರ. ನಾಳೆ ಪೇಪರಿನ್ಯಾಗ ಅಣ್ಣನ ಹೆಸರು ಬರ್ತಿತ್ತು. ಬಂದ್ರ ಆತ ಮತ್ತ ನನ್ನ ಪಂಚಮಿಗೆ ಕರೀತಿದ್ದನೇನು?"

"ನನಗ ಮೊದಲ ಹೇಳಿದ್ರ ನಾ ಓದತಿದ್ದಿಲ್ಲ."

"ನೀ ಓದತಿದ್ದಿ. ನನಗ ಗೊತ್ತಿಲ್ಲೇನು ನಿನ್ನ?" ಆಮೇಲೆ ನದಿಯ ಕಡೆ ನೋಡುತ್ತಾ ಅಂದಳು: "ನಿನಗ ತವರ ಇಲ್ಲ. ಬೋರ್ಡಿಂಗಿನ್ಯಾಗ ಬೆಳದಾಕಿ. ನಿನಗ ಇದು ತಿಳಿಯಂಗಿಲ್ಲ."

ಎಷ್ಟೋ ವರ್ಷ ಆ ತವರಿನ ಎರಡನೆಯ ಡಬ್ಬಿ ನನ್ನ ಕೈಯಲ್ಲಿತ್ತು. ಅದನ್ನು ನೆನಪಿಸಬೇಕು ಎನಿಸಲಿಲ್ಲ. ಬಸ್ಸಿನ ಹಾರ್ನ್ ಆಯಿತು, ಎದ್ದೆ.

ಸಂಜೆ ಹಾವೇರಿಯಲ್ಲಿ ಸಮಾರೋಪ. ಭಾಗವಹಿಸಿದವರು ಎರಡು ಮಾತು ಹೇಳಬಹುದು ಎಂದಾಗ ನಾನು ಎದ್ದೆ. "ನಿನ್ನೆ ನಾನು ಹೇಳಿದ ಶಿಲ್ಪ ಇತ್ತು. ಅದು ಭಿನ್ನವಾದ ಕಾರಣ ಊರವರು ನೀರಿಗೆ ಬಿಟ್ಟಿದ್ದಾರೆ. ಈಗ ಗಳಗನಾಥದ ಮಡುವಿನಲ್ಲಿದೆ" ಎಂದೆ.

"ಬಿಟ್ಟದ್ದನ್ನು ನೀವು ನೋಡಿದಿರಾ?" ನಿನ್ನೆಯ ಅಧ್ಯಕ್ಷರೇ ಕೇಳಿದರು.

"ಇಲ್ಲ."

"ನೋಡಿದವರು ಇಲ್ಲಿ ಇದ್ದಾರಾ?"

ನಾನು ಗೆಳತಿಯ ಕಡೆ ನೋಡಿದೆ. ಅಂಬಿಗ ನೋಡಿದ್ದಾನೆ ಎಂದು ಹೇಳಬಹುದಿತ್ತು. ಹೇಳಿದ್ದರೆ ಟ್ರ್ಯಾಕ್ಟರ್ ಬರುತ್ತಿತ್ತು, ಅದರ ಹಿಂದೆ ಅಣ್ಣ. ದೊಡ್ಡ ಮನಸ್ಸಿನಿಂದ ಸುಮ್ಮನಿದ್ದೆ ಎಂದು ಯಾರೂ ತಿಳಿಯಬಾರದು. ಇದನ್ನು ಅವಳೇ ಎದ್ದು ಹೇಳಬೇಕಾಗಿತ್ತು, ನಾನು ಕಾಯುತ್ತಿದ್ದೆ. ಅದೇ ಮೂರನೆಯ ಸಾಲು, ಅದೇ ಕುರ್ಚಿ. ಅವಳು ಹಾಜರಾತಿಯ ಪ್ರಮಾಣಪತ್ರವನ್ನು ಸುರುಳಿ ಸುತ್ತುತ್ತಿದ್ದಳು.

ಹಿಂದಿನಿಂದ ಯಾರೋ ಅಂದರು: "ಅಕ್ಕೋರು ನಿನ್ನೆ ಬೆನ್ನು ತಿರುಗಿಸಿದವರ ಸಾಕ್ಷಿ ಕೊಟ್ರು, ಇವತ್ತು ಹೊಳಿ ಸಾಕ್ಷಿ ಕೊಡಾಕತ್ತಾರ."

ಆ ನಗು ನಿಲ್ಲುವವರೆಗೂ ನಿಂತಿದ್ದು, ಆಮೇಲೆ ಕೂತೆ.

ಮುಂದಿನ ರವಿವಾರ ನಾನು ನಮ್ಮ ಹೊತ್ತಿಗಿಂತ ಮೊದಲಿನ ಬಸ್ಸು ಹಿಡಿದೆ. ಒಬ್ಬಳೇ ಆ ಊರಿಗೆ ಹೋದೆ. ಗರ್ಭಗುಡಿಗೆ ನುಣುಪಾದ ಕೆಂಪು ಗ್ರಾನೈಟಿನ ಚೌಕಟ್ಟು ಬಂದಿತ್ತು, ಮೇಲೆ ಹಿತ್ತಾಳೆಯ ತಗಡು. ತಾಯಿಯೊಬ್ಬಳು ಮಗುವನ್ನು ಎತ್ತಿ ಹಿಡಿದಿದ್ದಳು. ಮಗುವಿನ ಬೆರಳಿನಲ್ಲಿ ಬೆಣ್ಣೆ. ಹಚ್ಚಲು ಬಾಯಿ ಇರಲಿಲ್ಲ. ಮಗು ತಗಡಿನ ಮೇಲೆ ಎಲ್ಲೋ ಒಂದು ಕಡೆ ಒರೆಸಿ ಕೈ ತೆಗೆಯಿತು. ಅದು ಅಲ್ಲಿಂದ ಜಾರುತ್ತಾ ಕೆಳಗಿಳಿಯಿತು.

ಗೆಳತಿಯ ಅಣ್ಣ ನನ್ನನ್ನು ಕಂಡು ಸಂತೋಷದಿಂದಲೇ ಬಂದರು. "ಬರ್ರಿ ಅಕ್ಕೋರ. ಹೆಂಗ ಕಾಣ್ತೈತಿ ಬಾಗಲ? ಇಳಕಲ್ಲಿನ ಕಲ್ಲು. ಚಾ ಕುಡದ ಹೋಗಬೇಕು."

"ಚಂದ ಆಗೇತಿ" ಎಂದೆ. ಅದರಲ್ಲಿ ಬಾಗಿಲಿನ ತಪ್ಪೇನೂ ಇರಲಿಲ್ಲ.

"ನಿಮ್ಮ ಹಾವೇರಿ ಸಭಾದ ಸುದ್ದಿ ಕೇಳಿ ನಮಗ ಸ್ವಲ್ಪ ಅಂಜಿಕಿ ಆಗಿತ್ತು ನೋಡ್ರಿ. ದೊಡ್ಡ ದೊಡ್ಡ ಮಂದಿ ಬರ್ತಾರ, ಹಳೇ ಕಲ್ಲ ಎಲ್ಲಿ ಅಂತ ಕೇಳಿದ್ರ ಏನ ಹೇಳೂದು ಅಂತ. ನಮ್ಮ ತಂಗಿ, ನೀ ಏನೂ ಚಿಂತಿ ಮಾಡಬ್ಯಾಡ ಅಣ್ಣಾ ಅಂದ್ಲು. ನನ್ನ ಕೇಳಿದ್ರ ಬೆನ್ನ ತಿರುಗಿಸಿ ಕುಂತಿದ್ದೆ ಅಂತೀನಿ, ಸುಳ್ಳೂ ಆಗಂಗಿಲ್ಲ, ಖರೇನೂ ಆಗಂಗಿಲ್ಲ ಅಂದ್ಲು." ಅವರು ಅಭಿಮಾನದಿಂದ ನಕ್ಕರು. "ಭಾರಿ ಶಾಣ್ಯಾಕಿ ನಮ್ಮ ತಂಗಿ. ಸಣ್ಣಾಕಿದ್ದಾಗಿಂದ ಹಂಗ."

"ಯಾವಾಗ ಅಂದ್ಲು?"

"ಪಂಚಾಂಗ ನೋಡಿ ಹೇಳಬೇಕು! ಆಕಿನೂ ಹೊಳಿಗೆ ನಮ್ಮ ಜೋಡಿ ಬಂದಿದ್ಲು, ಟ್ರ್ಯಾಕ್ಟರಿನ್ಯಾಗ ಕುಂತು ಬರುವಾಗ ಮಾತ ಬಂತು. ನಿಮಗೂ ಗೊತ್ತಿರಬೇಕಲ್ಲ? ನೀವಿಬ್ರೂ ಮಾತಾಡಿಕೊಂಡ ಮಾಡಿದ್ದು ಅಂತ ನಾ ತಿಳಿದೀನಿ."

ಚಹಾ ಕುಡಿದೆ. ಪಂಚಮಿಗೆ ತಂಗಿಯ ಜೋಡಿ ಬರಬೇಕು ಎಂದು ಅವರು ಎರಡು ಸಲ ಹೇಳಿದರು.

ಹಾವೇರಿಯಲ್ಲಿ ಎದ್ದು ನಿಂತಾಗ ಅವಳ ಬಾಯಿಗೆ ಬಂದ ಮಾತಲ್ಲ ಅದು. ನಾನು ಪಡಸಾಲೆಯಲ್ಲಿ ನನ್ನ ಮಾತನ್ನು ತಾಲೀಮು ಮಾಡುವಾಗ ಅವಳ ಮಾತು ಆಗಲೇ ತಯಾರಾಗಿ ಕೂತಿತ್ತು. ಆ ಮಾತನ್ನು ಅವಳಿಗೆ ಕೊಟ್ಟದ್ದು ನನ್ನ ಪದ್ಧತಿ. ನೋಡದೆ ಹೇಳುವವರನ್ನು ಹಿಡಿಯಲು ನಾನು ಕಟ್ಟಿದ್ದನ್ನು ಅವಳು, ನೋಡಿಯೂ ಹೇಳದಿರಲು ಬಳಸಿದಳು. ತವರಿಗಾಗಿ ಸುಳ್ಳು ಹೇಳಿದ್ದರೆ ಒಂದು ದಿನ ಮರೆಯುತ್ತಿದ್ದೆನೋ ಏನೋ. ಅಷ್ಟು ಜಾಣತನದ ಸತ್ಯವನ್ನು ಹೇಗೆ ಮರೆಯುವುದು?

ಮಧ್ಯಾಹ್ನ ರಾಣೆಬೆನ್ನೂರಿನಲ್ಲಿ ಇಳಿದಾಗ ಸ್ಟ್ಯಾಂಡಿನ ಕಂಟ್ರೋಲರ್ ಕಿಟಕಿಯಿಂದ ಕರೆದ. "ಅಕ್ಕೋರ, ನಿಮ್ಮ ಗೆಳತಿ ಬಂದಿದ್ರು. ಕಂಬದ ಹತ್ರ ಭಾಳ ಹೊತ್ತು ಕುಂತಿದ್ರು. ನೀವು ಹೋಗಿದ್ದು ಹೇಳಲೋ ಬ್ಯಾಡೋ ತಿಳೀಲಿಲ್ಲ, ಸುಮ್ನಿದ್ದೆ."

"ಚಲೋ ಮಾಡಿದಿ" ಎಂದೆ.

ಅಂದಿನಿಂದ ನನ್ನ ರವಿವಾರದ ಬಸ್ಸು ಅವಳು ಬರುವುದಕ್ಕಿಂತ ಮುಂಚಿನದೇ. ಅವಳು ಇನ್ನೂ ಕೆಲವು ವಾರ ಬಂದಳಂತೆ, ಆಮೇಲೆ ಬಿಟ್ಟಳಂತೆ. ಸಂಕಿರಣದ ಪುಸ್ತಕ ಬಂತು. ನನ್ನ ಹೆಸರಿನ ಕೆಳಗೆ ಎಲ್ಲರಿಗೂ ಗೊತ್ತಿರುವ ಪುರಾಣ ಅಚ್ಚಾಗಿದೆ.

ಈಗ ಒಬ್ಬಳೇ ಹೋಗುತ್ತೇನೆ. ಶಿಲ್ಪದ ಎದುರು ನಿಂತು ಜೋರಾಗಿ ಹೇಳಿಕೊಳ್ಳುತ್ತೇನೆ, ತಿರುಗಿ ಕೂತು ಬರೆಯುತ್ತೇನೆ. ಹೇಳಿದವಳೂ ನಾನೇ, ಕೇಳಿದವಳೂ ನಾನೇ ಆದ್ದರಿಂದ ಚಿತ್ರ ಕಲ್ಲಿಗೆ ಯಾವಾಗಲೂ ಹೊಂದುತ್ತದೆ. ಅದೇ ಅದರ ದೋಷ. ನಾಲಿಗೆಗೆ ಉಗುರೆಲ್ಲಿ ಎಂದು ಪೆನ್ಸಿಲ್ ನಿಲ್ಲಿಸುವವರಿಲ್ಲ.

ಹೋದ ತಿಂಗಳು ಕಪಾಟು ಒರೆಸುವಾಗ ಆ ಪಾರದರ್ಶಕ ಹಾಳೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಹಿಡಿದೆ. ಹೆಬ್ಬೆರಳು ಎಡಕ್ಕಿತ್ತು. ಮಗುಚಿದೆ, ಬಲಕ್ಕೆ ಬಂತು. ಯಾವ ಮಗ್ಗುಲಿನಿಂದ ನಕಲು ತೆಗೆದೆನೋ ಗುರುತು ಹಾಕಿರಲಿಲ್ಲ. ಅಧ್ಯಕ್ಷರಿಗೆ ಬಲಗೈ ಎಂದು ಥಟ್ಟನೆ ಹೇಳಿದ್ದೆ. ಈಗ ಕಣ್ಣು ಮುಚ್ಚಿದರೆ ಎರಡೂ ಕಾಣುತ್ತವೆ. ಮೂಲ ಚಿತ್ರ ಬ್ಯಾಡಗಿಯಲ್ಲಿದೆ. ಐದೂ ಬೆರಳನ್ನು ಮುಟ್ಟಿದವಳೂ ಅಲ್ಲಿಯೇ ಇದ್ದಾಳೆ. ಬಸ್ಸಿನಲ್ಲಿ ಕೂತರೆ ಬಹಳ ಹೊತ್ತಿನ ದಾರಿಯಲ್ಲ. ಒಂದು ಮಾತು ಕೇಳಿ ಬರಬಹುದು.

ಹಾಳೆಯನ್ನು ಒರೆಸಿ, ಕಾಗದದಲ್ಲಿ ಸುತ್ತಿ, ಅದೇ ಅರೆಯಲ್ಲಿ ಇಟ್ಟೆ. ಕೇಳಲು ಹೋಗಿಲ್ಲ. ಕೇಳಿದರೆ ಅವಳು ಕೊಡುವ ಉತ್ತರ ನಿಜವೇ ಆಗಿರುತ್ತದೆ ಎಂಬುದು ನನಗೆ ಗೊತ್ತು.